ಜಡೆಗೆಷ್ಟು ವೋಲ್ಟು?

ತ್ಯಾಮಗೊಂಡ್ಲಿನಲ್ಲಿ ಯಾವ ಮನೆಯವರು ಫಾರಿನ್ನಿಗೆ ಹೊರಟಿದ್ದಾರೆ ಎಂದು ತಿಳಿಯಲು ಯಾರನ್ನೂ ವಿಚಾರಿಸಬೇಕಿಲ್ಲ. ತಾರಸಿ ನೋಡಿದರೆ ಸಾಕು. ಕಾಲವಲ್ಲದ ಕಾಲದಲ್ಲಿ ಅರಳು ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಒಣಗುತ್ತಿದ್ದರೆ ಆ ಮನೆಯ ಮಗಳಿಗೋ ಸೊಸೆಗೋ ವೀಸಾ ಕೈಗೆ ಬಂದಿದೆ ಎಂದರ್ಥ. ವಾರ ಕಳೆಯುವಷ್ಟರಲ್ಲಿ ಹುಳಿಪುಡಿ ಹುರಿದ ಘಾಟು ಬೀದಿಗೆಲ್ಲ ಹರಡುತ್ತದೆ. ಆಮೇಲೆ ಸೂಟ್‌ಕೇಸು ಅಕ್ಕಿ ಅಂಗಡಿಯ ತೂಕದ ಯಂತ್ರ ಹತ್ತುತ್ತದೆ. 23 ಕೆ.ಜಿ.ಯ ಮೇಲೆ ಕಾಲು ಕೆ.ಜಿ. ಹೆಚ್ಚಾಯಿತೋ, ಅಂಗಡಿಯ ಮುಂದೆಯೇ ಬಿಚ್ಚಿ ಪಂಚಾಯಿತಿ. ‘ಆ ಕೂದಲು ಸುಡೋ ಇಕ್ಕಳ ತೆಗೆದಿಟ್ಟು ಹೋಗು’ ಎಂದು ತಾಯಿ. ‘ನಿನ್ನ ಸಂಡಿಗೆ ತೆಗಿ’ ಎಂದು ಮಗಳು. ಅಂಗಡಿಯ ಶೆಟ್ಟರು ಯಾರ ಪಕ್ಷವನ್ನೂ ವಹಿಸುವುದಿಲ್ಲ. ವ್ಯಾಜ್ಯ ತೀರ್ಮಾನಕ್ಕೆ ನಮ್ಮ ಮನೆಗೆ ಬರುತ್ತದೆ.

ನನ್ನ ತಲೆಯಲ್ಲಿ ಕೂದಲಿದ್ದ ಕಾಲ ನನ್ನ ಹೆಂಡತಿಗೂ ಸರಿಯಾಗಿ ನೆನಪಿಲ್ಲ. ಬಾಚಣಿಗೆ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಸ್ಟ್ರೈಟ್ನರ್, ಹೇರ್ ಡ್ರೈಯರ್, ಕರ್ಲರ್ ಎಂಬ ಶೃಂಗಾರ ಸಾಧನಗಳ ವಿಷಯದಲ್ಲಿ ಈ ಬೀದಿಗೆ ನಾನೇ ಪಂಡಿತ. ಕಾರಣ, ನಾನು ಕೆಇಬಿಯಲ್ಲಿ ಇದ್ದವನು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು, ಆಫೀಸುಗಳ ಬೋರ್ಡು ಎರಡೆರಡು ಸಲ ಬದಲಾಯಿತು. ಊರಿನ ಬಾಯಿ ಮಾತ್ರ ಬದಲಾಗಲಿಲ್ಲ. ಕರೆಂಟು ಹೋದರೆ ಜನ ಈಗಲೂ ಬೈಯುವುದು ಕೆಇಬಿಯನ್ನೇ. ನಾನು ನಿವೃತ್ತನಾಗಿ ಜಗಲಿಯಲ್ಲಿ ಪೇಪರ್ ಓದುತ್ತಿದ್ದರೂ ‘ಕೆಇಬಿ ಮಾವ’ನೇ.

ಹಾಗೆ ನೋಡಿದರೆ ಈ ಕಡೆಯವರಿಗೆ ಕರೆಂಟಿನ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತಲಿನ ಯಾವ ಹಳ್ಳಿಯ ತೋಟಕ್ಕಾದರೂ ಹೋಗಿ. ಪಂಪ್‌ಹೌಸಿನ ಬಾಗಿಲು ತೆಗೆದವನು ಮೊದಲು ನೋಡುವುದು ಪ್ಯಾನೆಲ್ ಬೋರ್ಡಿನ ಗಾಜಿನ ಹಿಂದಿರುವ ಮುಳ್ಳನ್ನು. ಮುಳ್ಳು 400ರ ಆಸುಪಾಸಿಗೆ ಬಂದು ನಿಲ್ಲುವವರೆಗೂ ಹಸಿರು ಬಟನ್ನಿಗೆ ಕೈ ಹೋಗುವುದಿಲ್ಲ. 320ರಲ್ಲಿ ತೂಕಡಿಸುತ್ತಿದ್ದರೆ ಒಂದು ಬೀಡಿ ಹಚ್ಚಿ ಬದುವಿನ ಮೇಲೆ ಕೂರುತ್ತಾನೆ. ಓಲ್ಟೇಜ್ ಬೀಳುವಾಗ ಮೋಟಾರ್ ಹಾಕಿದರೆ ಅದು ಕರೆಂಟು ಹೆಚ್ಚು ಎಳೆದು ಒಳಗಿನ ತಂತಿ ಸುಟ್ಟುಕೊಳ್ಳುತ್ತದೆ. ಅಷ್ಟು ಆಳದ ಬೋರ್‌ವೆಲ್ಲಿನಿಂದ ಪೈಪು ಎತ್ತಿಸಿ, ಮೋಟಾರನ್ನು ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಿ ಕಾಯುವುದರಲ್ಲಿ ಪೈರು ಒಣಗಿರುತ್ತದೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರಂತೂ ಊರಿಗೆ ಊರೇ ಆಫೀಸಿನ ಮುಂದೆ. ಮನೆಗಳಲ್ಲೂ ಅಷ್ಟೆ: ಫ್ರಿಜ್ಜಿಗೆ ಸ್ಟೆಬಿಲೈಸರ್, ಗುಡುಗಿದರೆ ಟಿವಿಯ ಪ್ಲಗ್ಗು ಕಿತ್ತಿಡುವುದು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ ಮಗುವಿಗೆ ಬೆನ್ನ ಮೇಲೊಂದು ಗುದ್ದು.

ಇಷ್ಟೊಂದು ಅನುಮಾನದಲ್ಲಿ ಬೆಳೆದ ಜನ ವಿಮಾನ ಹತ್ತಿದ ಕೂಡಲೇ ನಂಬಿಕಸ್ಥರಾಗಿಬಿಡುತ್ತಾರೆ. ಅಲ್ಲಿ ಕರೆಂಟು ಹೋಗುವುದೇ ಇಲ್ಲವಂತೆ. ಹೋಗದ ಕರೆಂಟು ಒಳ್ಳೆಯ ಕರೆಂಟೇ ಇರಬೇಕು ಎಂಬ ತರ್ಕ. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಚಟ್ನಿಪುಡಿಯ ಜತೆಗೆ ನಿಮ್ಮ ಅನುಮಾನವನ್ನೂ ಕಟ್ಟಿಕೊಂಡು ಹೋಗಿ, ಅದಕ್ಕೆ ತೂಕವಿಲ್ಲ.

ಕಳೆದ ವರ್ಷ ನನ್ನ ಅಕ್ಕನ ಮಗಳು ಓದಲಿಕ್ಕೆಂದು ಅಮೆರಿಕಕ್ಕೆ ಹೊರಟಾಗ ಸ್ಟ್ರೈಟ್ನರ್ ಹಿಡಿದು ಬಂದಳು. ಜತೆಗೆ ಬಿಳಿಯ ಪ್ಲಾಸ್ಟಿಕ್ ಡಬ್ಬಿಯೊಂದು. ಅದರ ಪಕ್ಕದ ಗುಂಡಿಗಳನ್ನು ತಳ್ಳಿದರೆ ಒಂದೊಂದು ದೇಶದ ಪಿನ್ನು ಹೊರಗೆ ಬರುತ್ತದೆ.

‘ಮಾವ, ಇದು ನೂರೈವತ್ತು ದೇಶಕ್ಕೆ ಆಗುತ್ತಂತೆ. ಇನ್ನೇನೂ ಯೋಚನೆ ಇಲ್ಲ ಅಲ್ವಾ?’

‘ಪಿನ್ನಿಗೆ ಆಗುತ್ತೆ ಕಣಮ್ಮ. ಪಿನ್ನಿನೊಳಗೆ ಬರೋದಕ್ಕೆ?’

ಸ್ಟ್ರೈಟ್ನರಿನ ಹಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲ ಸತ್ಯವೂ ಅಲ್ಲೇ ಇರುತ್ತದೆ; ಆದರೆ ಅದನ್ನು ಬರೆಯುವವರಿಗೆ ಯಾರೂ ಓದಬಾರದೆಂಬ ಆಸೆಯಿರಬೇಕು, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದು ಬಣ್ಣದ ಇರುವೆ ಗಾತ್ರದ ಅಕ್ಷರ. ಎಣ್ಣೆಗೈ ತಾಗಿ ತಾಗಿ ಅದರಲ್ಲೂ ಅರ್ಧ ಮಾಸಿತ್ತು. ಭೂತಗನ್ನಡಿ ತರಿಸಿ ಓದಿಸಿದೆ. ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿತ್ತು. ಹುಡುಗಿ ಪುಣ್ಯವಂತೆ. ಹೀಗೆ ಎರಡು ಅಂಕಿಗಳ ನಡುವೆ ಗೆರೆ ಎಳೆದು ಬರೆದಿದ್ದರೆ ಆ ಉಪಕರಣ ಜಪಾನಿನ 100 ವೋಲ್ಟಿನಿಂದ ನಮ್ಮೂರ ವೋಲ್ಟಿನವರೆಗೆ ಎಲ್ಲಕ್ಕೂ ಒಗ್ಗುತ್ತದೆ. ಆಗ ಬೇಕಾಗುವುದು ಪಿನ್ನು ಬದಲಿಸುವ ಡಬ್ಬಿಯೊಂದೇ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಇದೇ ಬರಹವಿರುವುದರಿಂದಲೇ ಜನ ಎಲ್ಲವೂ ಹೀಗೇ ಎಂದುಕೊಂಡಿರುವುದು. ‘220–240’ ಎಂದಷ್ಟೇ ಇದ್ದರೆ ಅದು ನಮ್ಮ ಮನೆಯ, ಇಂಗ್ಲೆಂಡಿನ, ಯುರೋಪಿನ, ದುಬೈ–ಸಿಂಗಪುರಗಳ ಸಾಮಾನು. ಅಮೆರಿಕ, ಕೆನಡಾ, ಜಪಾನುಗಳಿಗೆ ಅದು ಬರಿಯ ಹೊರೆ.

ಬಡಪಾಯಿ ಸ್ಟ್ರೈಟ್ನರುಗಳು ಹೀಗೆ ಎಲ್ಲ ವೋಲ್ಟಿಗೂ ಒಗ್ಗಿಕೊಳ್ಳುವುದರಲ್ಲಿ ಒಂದು ಚೆಂದದ ಗುಟ್ಟಿದೆ. ಅನೇಕವುಗಳ ತಟ್ಟೆಯ ಕೆಳಗೆ ಬೇರಿಯಂ ಟೈಟನೇಟಿನ ಒಂದು ಬಗೆಯ ಪಿಂಗಾಣಿ ಬಿಲ್ಲೆ ಇರುತ್ತದೆ. ಅದು ಒಂದು ಮಟ್ಟ ದಾಟಿ ಬಿಸಿಯಾಯಿತೆಂದರೆ ತಾನಾಗಿಯೇ ಕರೆಂಟನ್ನು ತಡೆಯತೊಡಗುತ್ತದೆ. ಆರಿದರೆ ಮತ್ತೆ ಬಿಡುತ್ತದೆ. ಯಾರೂ ಹೇಳದೆ ತನ್ನ ಮಿತಿ ತಿಳಿದುಕೊಳ್ಳುವ ವಸ್ತು ಅದು. ನಾನು ಇಲಾಖೆಯಲ್ಲಿ ಕಂಡ ಎಷ್ಟೋ ಮೇಲಧಿಕಾರಿಗಳಿಗೆ ಆ ಬಿಲ್ಲೆ ಅಳವಡಿಸುವುದು ಸಾಧ್ಯವಾಗಿದ್ದರೆ ಎನ್ನಿಸಿದ್ದುಂಟು.

ಹೇರ್ ಡ್ರೈಯರಿಗೆ ಈ ಸಂಯಮವಿಲ್ಲ. ಸುರುಳಿ ತಂತಿ ಕಾಯಬೇಕು, ಫ್ಯಾನು ಊದಬೇಕು, ಅಷ್ಟೆ. ತಂತಿಯಲ್ಲಿ ಹುಟ್ಟುವ ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ: ವೋಲ್ಟೇಜು ಅರ್ಧವಾದರೆ ಕಾವು ಕಾಲು, ಎರಡರಷ್ಟಾದರೆ ನಾಲ್ಕರಷ್ಟು. ಇಲ್ಲಿಯ 1200 ವಾಟಿನ ಡ್ರೈಯರನ್ನು ಅಮೆರಿಕದ 120 ವೋಲ್ಟಿಗೆ ಸಿಕ್ಕಿಸಿದರೆ ಅದು ಸುಮಾರು 325 ವಾಟಿಗೆ ಇಳಿಯುತ್ತದೆ. ನಮ್ಮ ಬಂಧುವೊಬ್ಬಳು ನ್ಯೂಜೆರ್ಸಿಯಿಂದ ಫೋನು ಮಾಡಿ, ‘ಮಾವ, ಇದು ನಮ್ಮಜ್ಜಿ ಕಣ್ಣಿಗೆ ಬಿದ್ದ ಧೂಳು ಊದಿದ ಹಾಗೆ ಊದ್ತಿದೆ’ ಎಂದಳು. ಅಪಾಯವೇನಿಲ್ಲ, ನಗುವ ಸಂಗತಿ. ಜಪಾನಿನಲ್ಲಾದರೆ ಅಷ್ಟೂ ಇಲ್ಲ, ಐದನೆಯ ಒಂದು ಭಾಗಕ್ಕಿಂತ ಕಡಿಮೆ.

ಅಳಬೇಕಾದದ್ದು ತಿರುಗಿ ಬರುವಾಗ. ಅಮೆರಿಕದ ಡ್ರೈಯರುಗಳ ಮೇಲೆ 1875 ವಾಟ್ ಎಂದು ಬರೆದಿರುವುದು ಸಾಮಾನ್ಯ. ಈ ವಿಚಿತ್ರ ಸಂಖ್ಯೆ ಅಲ್ಲಿಯ ಸಾಕೆಟ್ಟಿನ 15 ಆಂಪಿಯರನ್ನು 125 ವೋಲ್ಟಿನಿಂದ ಗುಣಿಸಿ ಬಂದದ್ದು. ಸಾಕೆಟ್ಟು ಕೊಡುವಷ್ಟನ್ನೂ ಹಿಂಡಿಕೊಳ್ಳುವ ಲೆಕ್ಕಾಚಾರ. ಅದನ್ನು ಉಡುಗೊರೆಯೆಂದು ತಂದು ತ್ಯಾಮಗೊಂಡ್ಲಿನ 230 ವೋಲ್ಟಿಗೆ ಸಿಕ್ಕಿಸಿದರೆ ಸುಮಾರು 6350 ವಾಟ್ ಬೇಡುತ್ತದೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಎಂಟೂವರೆ ಎಚ್‌ಪಿ. ಎಂಟೂವರೆ ಎಚ್‌ಪಿ ಪಂಪ್‌ಸೆಟ್ಟನ್ನು ಕಿವಿಯ ಪಕ್ಕ ಹಿಡಿದು ಮದುವೆಗೆ ತಲೆ ಒಣಗಿಸಿಕೊಳ್ಳಲು ಯಾರು ಒಪ್ಪುತ್ತಾರೆ? ನೆರೆಮನೆಯಲ್ಲಿ ಹೀಗೊಂದು ಡ್ರೈಯರಿನ ಬಾಯಿಂದ ಕಿಡಿಯೂ ಹೊಗೆಯೂ ಒಟ್ಟಿಗೆ ಹೊರಟಾಗ ಎಂಸಿಬಿ ಟಪ್ಪೆಂದು ಬಿದ್ದು ಮಾನ ಉಳಿಸಿತು. ಫ್ಯೂಸಿಗೆ ದಪ್ಪ ತಂತಿ ಸುತ್ತಿಟ್ಟಿರುವ ಹಳೆಯ ಮನೆಯಾಗಿದ್ದರೆ ಕಥೆ ಬೇರೆ. ಮೋಟಾರಿಗೆ ಓಲ್ಟೇಜು ಇಳಿದರೆ ಕೇಡು, ಕಾವಿನ ಸಾಮಾನಿಗೆ ಏರಿದರೆ ಕೇಡು; ನಮ್ಮ ರೈತರಿಗೆ ಮೊದಲನೆಯದು ರಕ್ತಗತ, ಎರಡನೆಯದರ ಅನುಭವ ಕಡಿಮೆ.

ಕೆಲವು ಡ್ರೈಯರುಗಳ ಹಿಡಿಯಲ್ಲಿ ನಾಣ್ಯದ ಅಂಚು ತೂರಿಸಿ ತಿರುಗಿಸುವ ಸಣ್ಣ ತಿರುಪು ಇರುತ್ತದೆ, ಒಂದು ಕಡೆ 125, ಇನ್ನೊಂದು ಕಡೆ 250. ಪ್ರಯಾಣಕ್ಕೆ ಅವು ಚೆನ್ನ. ಹಿಂದಿರುಗಿದ ಮೇಲೆ ಪ್ಲಗ್ಗು ಹಾಕುವ ಮೊದಲೇ ಅದನ್ನು 250ರ ಕಡೆ ತಿರುಗಿಸುವ ಬುದ್ಧಿ ಇರಬೇಕು. ಇಳಿದ ದಿನದ ನಿದ್ದೆಗಣ್ಣಿನಲ್ಲಿ ಆ ಬುದ್ಧಿ ಇರುವುದಿಲ್ಲವಾದ್ದರಿಂದ, ಅಲ್ಲಿಂದ ಪೆಟ್ಟಿಗೆ ಕಟ್ಟುವಾಗಲೇ ತಿರುಗಿಸಿಡಿ ಎನ್ನುತ್ತೇನೆ.

ಒಂದೇ ಲೋಕದಲ್ಲಿ ಇಷ್ಟು ಬಗೆಯ ಕರೆಂಟು ಯಾಕೆ ಎಂದು ಹುಡುಗರು ಕೇಳುತ್ತಾರೆ. ಯಾರೂ ಕೂತು ಯೋಜನೆ ಮಾಡಿದ್ದಲ್ಲ, ಮೊದಲು ಬಂದ ಯಂತ್ರ ಯಾವುದೋ ಅದರ ಹಾಗೆ ಊರು ನಡೆಯಿತು. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯ ಜನರೇಟರ್ ತರಿಸಿತು, ಒಸಾಕಾ ಅಮೆರಿಕದ್ದು. ಜಪಾನಿನ ಪೂರ್ವಾರ್ಧ ಇವತ್ತಿಗೂ 50 ಹರ್ಟ್ಸ್, ಪಶ್ಚಿಮಾರ್ಧ 60. ನಮ್ಮಲ್ಲೇ ನೋಡಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿದ್ದು 25 ಸೈಕಲ್ಲಿನ ಕರೆಂಟು. ಹಳಬರು ಇಲಾಖೆಯಲ್ಲಿ ಅದರ ಮಾತಾಡುತ್ತಿದ್ದರು. ಇನ್ನು ನಮ್ಮ ದುಂಡು ಮೂರು ಪಿನ್ನು ಬ್ರಿಟಿಷರದು. ಅವರು 1947ರಲ್ಲಿ ತಮಗೆ ಚಪ್ಪಟೆ ಮೂರು ಪಿನ್ನಿನ, ಒಳಗೇ ಫ್ಯೂಸಿರುವ ಹೊಸ ಪ್ಲಗ್ಗನ್ನು ಗೊತ್ತುಮಾಡಿಕೊಂಡರು. ನಮ್ಮನ್ನು ಬಿಟ್ಟುಹೋದ ವರ್ಷವೇ ದುಂಡು ಪಿನ್ನಿಗೂ ವಿದಾಯ ಹೇಳಿದ್ದು ಕಾಕತಾಳೀಯವೇ ಇರಬೇಕು. ಸಾಮ್ರಾಜ್ಯದ ಹಳೇ ಸಾಮಾನು ನಮ್ಮ ಗೋಡೆಗಳಲ್ಲಿ ಉಳಿಯಿತು.

ಆ ಚಪ್ಪಟೆ ಪಿನ್ನಿನ ಸಾಕೆಟ್ಟಿನಲ್ಲಿ ಅರ್ಥಿಂಗಿನ ಪಿನ್ನು ಒಳಗೆ ಹೋದರಷ್ಟೇ ಉಳಿದೆರಡು ತೂತುಗಳ ಬಾಗಿಲು ತೆರೆಯುತ್ತದೆ. ಮಕ್ಕಳ ಬೆರಳು ಹೋಗದಿರಲಿ ಎಂಬ ಜಾಣ ಏರ್ಪಾಡು. ದುಬೈ, ದೋಹಾ, ಲಂಡನ್ನುಗಳಲ್ಲಿ ನಮ್ಮವರು ಮೇಲಿನ ತೂತಿಗೆ ಪೆನ್ನು ತುರುಕಿ ಬಾಗಿಲು ತೆರೆದು ಊರಿನ ಎರಡು ಪಿನ್ನಿನ ಪ್ಲಗ್ಗು ಒತ್ತುತ್ತಾರೆ. ಇದು ಜಾಣತನವೆಂದು ಒಬ್ಬರಿಂದೊಬ್ಬರಿಗೆ ಹೇಳಿಕೊಡುವುದೂ ಉಂಟು. ಸಡಿಲವಾಗಿ ಕೂತ ಪ್ಲಗ್ಗು ಕಿಡಿ ಹಾರಿಸುತ್ತದೆ, ಕಾಯುತ್ತದೆ. ಲೋಹದ ಮೈಯಿರುವ ಸಾಮಾನಾದರೆ ಅರ್ಥಿಂಗೂ ಇಲ್ಲ. ಡ್ರೈಯರಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರ ನಿರೋಧಕವಿದೆ, ಅರ್ಥಿಂಗ್ ಬೇಡ ಎಂದರ್ಥ. ಆ ಗುರುತಿದ್ದರೂ ಪೆನ್ನಿನ ವಿದ್ಯೆ ಬೇಡ.

ಪಿನ್ನು ಬದಲಿಸುವ ಅಡಾಪ್ಟರಿನ ಮೇಲೂ ಒಂದು ಸಂಖ್ಯೆಯಿರುತ್ತದೆ, ಅದನ್ನು ಓದುವವರು ಇನ್ನೂ ಕಡಿಮೆ. 6 ಆಂಪಿಯರ್ ಎಂದಿದ್ದರೆ 230 ವೋಲ್ಟಿನಲ್ಲಿ ಅದು ತಡೆಯುವುದು 1380 ವಾಟ್. 120 ವೋಲ್ಟಿನಲ್ಲಿ ಬರಿಯ 720. ಸ್ಟ್ರೈಟ್ನರಿಗೆ ಸಾಕು, ದೊಡ್ಡ ಡ್ರೈಯರಿಗೆ ಸಾಲದು. ಮೀರಿದರೆ ಮೊದಲು ಮೀನು ಕೊಳೆತಂಥ ಒಂದು ವಾಸನೆ, ಆಮೇಲೆ ಬಿಳಿ ಪ್ಲಾಸ್ಟಿಕ್ಕು ಪಿನ್ನಿನ ಬುಡದಲ್ಲಿ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಮುಟ್ಟಿ ನೋಡಿ ಬಿಸಿಯಿದ್ದರೆ ತೆಗೆದುಬಿಡಬೇಕು. ವೋಲ್ಟೇಜನ್ನೇ ಬದಲಿಸುವ ಕನ್ವರ್ಟರ್ ಇದೆಯಲ್ಲ ಎನ್ನುವವರಿದ್ದಾರೆ. ಅಂಗೈಯಗಲದ ಹಗುರ ಕನ್ವರ್ಟರುಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ; ಸರಳ ಕಾವಿನ ತಂತಿಗೆ ಹೇಗೋ ನಡೆದೀತು, ಡಿಜಿಟಲ್ ಅಂಕಿ ಮಿನುಗುವ ಸ್ಟ್ರೈಟ್ನರಿಗೆ ಹಾಕಿದರೆ ಅದರ ತಲೆ ಕೆಡುತ್ತದೆ. ನಿಜವಾದ ಟ್ರಾನ್ಸ್‌ಫಾರ್ಮರ್ ಬೇಕೆಂದರೆ, ಡ್ರೈಯರಿಗೆ ತಕ್ಕದ್ದು, ಸಂಡಿಗೆ–ಹಪ್ಪಳವೆಲ್ಲ ಇಳಿಸಿ ಅದೊಂದನ್ನೇ ಹೊರಬೇಕು. ಅಷ್ಟು ಖರ್ಚಿಗೆ ಅಲ್ಲೇ ಒಂದು ಡ್ರೈಯರ್ ಕೊಳ್ಳಬಹುದು. ಹೋಟೆಲಿನಲ್ಲಿ ಇಳಿಯುವವರಿಗೆ ಅದೂ ಬೇಡ, ಬಹುಪಾಲು ಕೋಣೆಗಳ ಗೋಡೆಯಲ್ಲೋ ಡ್ರಾಯರಿನಲ್ಲೋ ಒಂದು ಇದ್ದೇ ಇರುತ್ತದೆ. ಡ್ರೈಯರನ್ನು ಹೊತ್ತುಕೊಂಡು ಹೋಗುವುದು ನನ್ನ ಮಟ್ಟಿಗೆ ದಂಡ.

ಸ್ಟ್ರೈಟ್ನರಿನ ತಟ್ಟೆ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಕೆಲವು 230ರವರೆಗೂ. ಕಾದ ದೋಸೆಹೆಂಚನ್ನು ತಲೆಗೆ ಹಿಡಿದಷ್ಟೇ ಸೈ. ಒದ್ದೆ ಕೂದಲನ್ನು ಅದರ ನಡುವೆ ಸಿಕ್ಕಿಸಿದರೆ ಚುಂಯ್ ಎನ್ನುತ್ತದಲ್ಲ, ಆಗ ಎಳೆಯೊಳಗಿನ ನೀರು ಕುದಿದು ಗುಳ್ಳೆ ಕಟ್ಟುತ್ತದೆ, ಎಳೆ ಅಲ್ಲೇ ಮುರಿಯುತ್ತದೆ. ನನ್ನ ಬಾಯಲ್ಲಿ ಈ ಮಾತು ಕೇಳಿದ ಹುಡುಗಿಯರು ನನ್ನ ತಲೆ ನೋಡಿ ನಗುತ್ತಾರೆ, ನಗಲಿ. ಪರದೇಶದ ಕೋಣೆಯಲ್ಲಿ ಆ ಬಿಸಿ ಇಕ್ಕಳವನ್ನು ಹಾಸಿಗೆಯ ಮೇಲಿಟ್ಟು ಫೋನು ತೆಗೆದುಕೊಳ್ಳುವುದು, ಟ್ಯಾಕ್ಸಿ ಬಂತೆಂದು ಆರುವ ಮೊದಲೇ ರೇಷ್ಮೆ ಸೀರೆಯ ಮಡಿಕೆಯೊಳಗೆ ತುರುಕುವುದು ಇವೆರಡೂ ವೋಲ್ಟೇಜಿಗಿಂತ ದೊಡ್ಡ ಗಂಡಾಂತರ. ತಾನೇ ಆರುವ ಬಗೆಯದಾದರೂ ಪ್ಲಗ್ಗು ಕೀಳದೆ ಬಾಗಿಲು ಹಾಕಿಕೊಂಡು ಹೋಗಬಾರದು.

ನಮ್ಮೂರಿನವರಿಗೆ ವಿಮಾನ ನಿಲ್ದಾಣ ಬಲು ಹತ್ತಿರವಾಗಿದೆ. ದಾಬಸ್‌ಪೇಟೆಗೆ ಹೋಗಿ ದೊಡ್ಡಬಳ್ಳಾಪುರದ ಹೆದ್ದಾರಿ ಹಿಡಿದರೆ ದೇವನಹಳ್ಳಿ, ನಮ್ಮ ಜಿಲ್ಲೆಯೇ. 2008ಕ್ಕೆ ಮುಂಚೆ ಬೆಂಗಳೂರನ್ನು ದಾಟಿ ಎಚ್ಎಎಲ್ ನಿಲ್ದಾಣಕ್ಕೆ ಹೋಗಬೇಕಿದ್ದಾಗ ಸೂಟ್‌ಕೇಸಿನ ಮೇಲೆ ಅರಿಶಿನ ಕುಂಕುಮ ಹಚ್ಚಿ ಹಿಂದಿನ ದಿನವೇ ಹೊರಡಿಸುತ್ತಿದ್ದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಂತಿಯಿರುವ ಸ್ಟ್ರೈಟ್ನರಿಗೆ ಯಾರೂ ತಕರಾರು ಮಾಡುವುದಿಲ್ಲ. ಪೇಚಾಟವೆಲ್ಲ ತಂತಿಯಿಲ್ಲದವುಗಳದು. ಲಿಥಿಯಂ ಬ್ಯಾಟರಿಯದು ಕೈಚೀಲದಲ್ಲಿರಬೇಕು, ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಪೆಟ್ಟಿಗೆಗೆ ಹೋಗುವಂತೆಯೇ ಇಲ್ಲ. ಜಪಾನಿನವರು ಇನ್ನೂ ಬಿಗಿ: ಬ್ಯಾಟರಿ ಕಳಚಲು ಬಾರದ ತಂತಿರಹಿತ ಸ್ಟ್ರೈಟ್ನರನ್ನು ಸಾಮಾನ್ಯವಾಗಿ ಕೈಚೀಲಕ್ಕೂ ಬಿಡುವುದಿಲ್ಲ, ಪೆಟ್ಟಿಗೆಗೂ ಬಿಡುವುದಿಲ್ಲ. ಗ್ಯಾಸ್ ತುಂಬಿದ ಕರ್ಲರ್ ಒಬ್ಬರಿಗೆ ಒಂದು, ಅದೂ ಮೇಲೆ ಗಟ್ಟಿ ಮುಚ್ಚಳ ಹಾಕಿ. ಬದಲಿ ಗ್ಯಾಸ್ ಡಬ್ಬಿಗೆ ಜಾಗವೇ ಇಲ್ಲ. ವಿಮಾನ ಸಂಸ್ಥೆಯ ನಿಯಮ ಹೊರಡುವ ಮುಂಚೆ ಓದಿಕೊಳ್ಳುವುದು ಒಳ್ಳೆಯದು.

ಇನ್ನು ಬಚ್ಚಲು ಮನೆ. ಇಂಗ್ಲೆಂಡಿನ ಬಚ್ಚಲಲ್ಲಿ ಮಾಮೂಲು ಸಾಕೆಟ್ಟು ಹುಡುಕಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ‘ಶೇವರ್ಸ್ ಓನ್ಲಿ’ ಎಂದು ಬರೆದ ಎರಡು ತೂತಿನದು ಸಿಗುತ್ತದೆ. ಅದರ ಹಿಂದೊಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಗಡ್ಡ ಹೆರೆಯುವ ಯಂತ್ರಕ್ಕೂ ಹಲ್ಲುಜ್ಜುವ ಬ್ರಷ್ಷಿಗೂ ಸಾಲುವಷ್ಟೇ ಶಕ್ತಿ. ಅದಕ್ಕೆ ಡ್ರೈಯರ್ ಸಿಕ್ಕಿಸಲು ಹೋಗಬಾರದು. ಕನ್ನಡಿ ಮಲಗುವ ಕೋಣೆಯಲ್ಲಿರಲಿ ಎಂಬುದು ಅಲ್ಲಿಯವರ ರೂಢಿ. ಅಮೆರಿಕದವರು ಸಾಕೆಟ್ಟನ್ನು ವಾಷ್‌ಬೇಸಿನ್ ಪಕ್ಕದಲ್ಲೇ ಇಡುತ್ತಾರೆ. ಅದಕ್ಕೆ ಪ್ರಾಯಶ್ಚಿತ್ತವಾಗಿ 1975ರಿಂದ ಹೊಸ ಮನೆಗಳ ಬಚ್ಚಲ ಸಾಕೆಟ್ಟಿಗೆ, ಕರೆಂಟು ನೆಲಕ್ಕೆ ಸೋರಿದೊಡನೆ ಕಡಿಯುವ ರಕ್ಷಣೆ ಕಡ್ಡಾಯ. ಡ್ರೈಯರಿನ ಪ್ಲಗ್ಗಿನಲ್ಲೂ ಅಂಥದೇ ಒಂದು. ಸ್ವಿಚ್ ಆರಿಸಿದ್ದರೂ ಪ್ಲಗ್ಗಿಗೆ ಸಿಕ್ಕಿಸಿದ ಡ್ರೈಯರ್ ನೀರಿಗೆ ಬಿದ್ದರೆ ಕೊಲ್ಲುತ್ತದೆ, ಹಾಗೆ ಸತ್ತವರಿದ್ದಾರೆ. 1991ರಿಂದ ಅಲ್ಲಿಯ ಮಾನದಂಡ ಡ್ರೈಯರ್ ಆನ್ ಇರಲಿ ಆಫ್ ಇರಲಿ ಈ ರಕ್ಷಣೆ ಬೇಕೆಂದಿತು, 2011ರಲ್ಲಿ ಅಲ್ಲಿಯ ಸರ್ಕಾರ ಅದಿಲ್ಲದ ಡ್ರೈಯರೇ ಅಪಾಯಕರ ವಸ್ತುವೆಂದು ಸಾರಿತು. ನಾವು ಇಲ್ಲಿಂದ ಒಯ್ಯುವುದರಲ್ಲಿ ಆ ರಕ್ಷಣೆ ಇರುವುದಿಲ್ಲ. ನೀರಿಗೆ ಬಿದ್ದದ್ದನ್ನು ಹಿಡಿಯಲು ಕೈ ಹಾಕಬಾರದು, ಮೊದಲು ಗೋಡೆಯ ಕಡೆಯಿಂದ ಕಡಿಯಬೇಕು.

ಇವೆಲ್ಲ ರಗಳೆ ಬೇಡವೆಂದು ನನ್ನ ಹೆಂಡತಿ ಡಲ್ಲಾಸಿಗೆ ಮಗಳ ಬಾಣಂತನಕ್ಕೆ ಹೋಗುವಾಗ ವೋಲ್ಟೇಜಿಲ್ಲದ ಸಾಧನವನ್ನೇ ಒಯ್ದಳು: ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ. ಎರೆದ ಮೇಲೆ ಬಾಣಂತಿಯ ಕೂದಲಿಗೆ ಹೊಗೆ ಹಿಡಿಯದೆ ನೆತ್ತಿ ಆರುವುದುಂಟೇ? ಬುಟ್ಟಿ ಸಿಗದೆ ಬಟ್ಟೆ ಹಾಕುವ ಜಾಲರಿ ಡಬ್ಬವನ್ನೇ ಬೋರಲು ಹಾಕಿ, ಕೆಳಗೆ ಸಾಂಬ್ರಾಣಿಯಿಟ್ಟು ಕೂದಲು ಹರಡಿದ್ದಾಳೆ. ಒಂದು ನಿಮಿಷಕ್ಕೆ ಮೇಲ್ಛಾವಣಿಯಲ್ಲಿದ್ದ ಹೊಗೆಯ ಅಲಾರಾಂ ಕೂಗಿಕೊಂಡಿತು. ಒಂದು ಕೂಗಿದರೆ ಮನೆಯ ಎಲ್ಲವೂ ಕೂಗುವ ಏರ್ಪಾಡಂತೆ. ಮಗು ಬೆಚ್ಚಿ ಅತ್ತಿತು, ಅಳಿಯ ಮೇಜಿನ ಮೇಲೆ ಹತ್ತಿ ಟವೆಲ್ ಬೀಸಿದರು, ಎದುರು ಮನೆಯವರು ಬಾಗಿಲಿಗೆ ಬಂದರು. ಅಲ್ಲಿಯ ಬಹುಪಾಲು ಮನೆಗಳು ಮರದ ಚೌಕಟ್ಟಿನವು. ಅಲಾರಾಮಿನ ಸಿಟ್ಟಿನಲ್ಲಿ ನ್ಯಾಯವಿತ್ತು.

ಇಲ್ಲಿ ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೆ ಫೋನು ಬಂತು.

‘ಏನ್ರೀ, ಇವರ ಮನೆ ಡ್ರೈಯರನ್ನೇ ಹಾಕೋಣ ಅಂತ. ಪ್ಲಗ್ಗು ಇಷ್ಟು ದಪ್ಪ ಇದೆ, ಅದರಲ್ಲೆರಡು ಗುಂಡಿ. ಒತ್ತಲಾ?’

‘ಕೈ ಒಣಗಿದೆಯಾ?’

‘ಒರೆಸಿಕೊಂಡೆ.’

‘ಸಿಕ್ಕಿಸಿ ಆನ್ ಮಾಡು. ಈಗ ಟೆಸ್ಟ್ ಅಂತ ಇರೋದು ಒತ್ತು.’

‘ನಿಂತೇ ಹೋಯ್ತಲ್ರೀ!’

‘ನಿಲ್ಲಬೇಕು. ನಿಲ್ಲದಿದ್ದರೆ ಅದನ್ನ ಮುಟ್ಟಬೇಡ. ಇನ್ನು ಡ್ರೈಯರ್ ಆಫ್ ಮಾಡಿ ರೀಸೆಟ್ ಒತ್ತು, ಆಮೇಲೆ ಆನ್ ಮಾಡು. ಅವಳ ನೆತ್ತಿಗೆ ತೀರ ಹತ್ತಿರ ಹಿಡಿಯಬೇಡ.’

ಅತ್ತ ಕಡೆಯಿಂದ ಬುಸ್ಸೆಂದು ಗಾಳಿಯ ಸದ್ದು, ಅದರ ನಡುವೆ, ‘ಬಿಸಿ ಜೋರಾಗೇ ಬರ್ತಿದೆ ಕಣ್ರೀ, ಬರ್ತಾ ಊರಿಗೂ ಒಂದು ತರ್ತೀನಿ!’